ಕಾಯಿಲ್ ಒಲೆಯ ಮೇಲೆ ತೀರಿಸಿದ ಸೇಡು

ತಂತಿ ಕತ್ತರಿಸಿದವನು ನಾನೇ. ಬೇರೆಯವರು ಹೇಳುವ ಮೊದಲು ಒಪ್ಪಿಕೊಂಡುಬಿಡುತ್ತೇನೆ. ಎಂಬತ್ತರ ದಶಕದ ಮೊದಲಲ್ಲಿ ಬಾಗಲಕೋಟೆಯಲ್ಲಿ ಪಿಯುಸಿ ಓದುವಾಗ, ಯಾರ ದನಿಯನ್ನಾದರೂ ಅನುಕರಿಸಬಲ್ಲೆನೆಂಬ ಸೊಕ್ಕು ನನಗೆ. ತಲೆಯೊಳಗೆ ಮಾತ್ರ ಊರಿಂದ ತಂದ ಇಳಕಲ್ಲಿನ ಕೆಂಪು ಗ್ರಾನೈಟೇ ಇತ್ತು.

ಕಾಲೇಜಿನ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಫಿಜಿಕ್ಸ್ ಪ್ರಾಧ್ಯಾಪಕರ ಮಿಮಿಕ್ರಿ ಮಾಡಲು ತಿಂಗಳಿಡೀ ತಯಾರಾಗಿದ್ದೆ. ಹೆಸರುಗಳ ಯಾದಿಯನ್ನು ನೋಟೀಸ್ ಬೋರ್ಡಿಗೆ ಹಚ್ಚಿದ ದಿನ ನೋಡಿದರೆ ನನ್ನ ಹೆಸರಿನ ಮೇಲೆ ಅವರ ಕೆಂಪು ಗೀಟು. ಹಿಂದಿನ ದಿನವಷ್ಟೇ ನನ್ನ ರೂಮಿನ ಜೊತೆಗಾರ, ಶಿರೂರಿನವನು, ವರಾಂಡದಲ್ಲಿ ಅವರೊಂದಿಗೆ ಪಿಸುಗುಟ್ಟುತ್ತಿದ್ದ. ಚಾಡಿ ಹೇಳಿದವನು ಅವನೇ! ನಾನು ಕೇಳಲಿಲ್ಲ. ಕೇಳಿದರೆ ಸೇಡಿನ ರುಚಿ ಕೆಡುತ್ತದೆ.

ಅವನ ಜೀವ ಇದ್ದದ್ದು ಬೆಳಗಿನ ಚಹಾದಲ್ಲಿ. ಚಹಾ ಕಾಯುತ್ತಿದ್ದದ್ದು ಕರೆಂಟಿನ ಕಾಯಿಲ್ ಒಲೆಯ ಮೇಲೆ. ಮಣ್ಣಿನ ಬಿಲ್ಲೆಯ ಗೆರೆಗಳಲ್ಲಿ ಕೂರಿಸಿದ ಸ್ಪ್ರಿಂಗಿನಂಥ ತಂತಿ. ತಂತಿ ಕಡಿಮೆಯಾದರೆ ಕಾವೂ ಕಡಿಮೆ ಎಂದುಕೊಂಡು, ಪ್ಲಗ್ ಕಿತ್ತು, ಗೇಣುದ್ದ ಕತ್ತರಿಸಿ, ತುದಿಯನ್ನು ಮತ್ತೆ ಸಿಕ್ಕಿಸಿದೆ.

ಮರುದಿನ ಚಾದರದೊಳಗಿಂದ ಒಂದೇ ಕಣ್ಣು ತೆರೆದು ಅವನ ಸೋತ ಮುಖಕ್ಕಾಗಿ ಕಾದೆ. ತಂತಿ ಕೆಂಡದಂತೆ ಉರಿಯಿತು. ಹಾಲು ಉಕ್ಕಿತು.

"ಲೇ, ಒಲಿಗೆ ಏನ್ ಮಾಡೀಯೋ? ಭಾಳ ಛಲೋ ಆಗೇತಿ!" ಎಂದ.

ನಾನು ಹಲ್ಲು ಕಡಿದೆ. ಹೊಟ್ಟೆಯುರಿ ತಾಳದೆ ಕ್ಲಾಸಿನಲ್ಲಿ ಅಮಾಯಕನಂತೆ ಎದ್ದೆ. "ಸರ್, ತಂತಿ ಗಿಡ್ಡ ಮಾಡಿದ್ರ ಒಲಿ ತಣ್ಣಗಾಗಬೇಕಲ್ರಿ?"

"ಯಾಕ ಆಗಬೇಕಪಾ?" ಎಂದರು ಪ್ರಾಧ್ಯಾಪಕರು. "ಮನಿಗೆ ಬರೂ ವೋಲ್ಟೇಜ್ ಅಷ್ಟ ಇರ್ತೈತಿ. ತಂತಿ ಗಿಡ್ಡಾದ್ರ ರೆಸಿಸ್ಟನ್ಸ್, ಅಂದ್ರ ಕರೆಂಟ್ ತಡಿಯೂ ಗುಣ, ಕಮ್ಮಿ. ತಡಿಯೂದು ಕಮ್ಮಿ ಆದ್ರ ಕರೆಂಟ್ ಹೆಚ್ಚು ಹರೀತೈತಿ. ಒಲಿ ಇನ್ನಷ್ಟು ಕಾಯ್ತೈತಿ."

ಕೂತಲ್ಲೇ ಹೊಸ ಸಂಚು ಹೂಡಿದೆ. ಸಂಜೆ ಕತ್ತರಿಸಿದ ತುಂಡನ್ನು ಕೂಡಿಸಿ, ಅದಕ್ಕೆ ಹಳೆಯ ಕಾಯಿಲ್ ಒಂದನ್ನೂ ಹೆಣೆದು, ಒಂದಕ್ಕೊಂದು ತಾಗದಂತೆ ಗೆರೆಗಳಲ್ಲಿ ಕೂರಿಸಿದೆ. ತಂತಿ ದುಪ್ಪಟ್ಟು, ಕರೆಂಟು ಅರ್ಧ.

ಬೆಳಿಗ್ಗೆ ಅವನು ಒಲೆಯ ಮುಂದೆ ಕೂತೇ ಕೂತ. ಚಹಾಪುಡಿ ಉಗುರುಬೆಚ್ಚಗಿನ ನೀರಿನ ಮೇಲೆ ತೇಲುತ್ತಿತ್ತು. ಚಾದರದೊಳಗಿಂದ ಪ್ರಾಧ್ಯಾಪಕರ ದನಿ ತೆಗೆದೆ: "ಯಾಕಪಾ, ರೆಸಿಸ್ಟನ್ಸ್ ಹೆಚ್ಚಾತೇನು?" ಆಹಾ, ಎದೆ ತಂಪಾಯಿತು.

ಅವನು ಪ್ಲಗ್ ಕಿತ್ತ. ತಂತಿಯ ಗಂಟುಗಳನ್ನು ನೋಡಿದ. ನನ್ನ ಚಾದರ ಎಳೆದ.

"ಚಾಡಿ ಹೇಳಿದ್ದಕ್ಕ ಇದು!" ಎಂದೆ.

"ನಾ ಎಲ್ಲಿ ಚಾಡಿ ಹೇಳೇನಿಲೇ? ನಾಪಾಸಾದವ್ರನ್ನ ಸ್ಟೇಜಿಗೆ ಹತ್ತಸೂದಿಲ್ಲ ಅಂದ್ರು ಸರ್. ಇವನ್ನೊಬ್ಬನ್ನ ಹತ್ತಸ್ರಿ ಅಂತ ನಾನ ಕೈ ಮುಗದು ಬಂದೇನಿ. ನೀ ನಾಪಾಸಾದ ಫಿಜಿಕ್ಸ್ ಟೆಸ್ಟಿನ್ಯಾಗ ಬಂದಿದ್ದು ಇದ ತಂತಿ ಪ್ರಶ್ನಿ. ಆವತ್ತ ಸರಿ ಉತ್ತರ ಬರೆದಿದ್ರ ಇವತ್ತ ಇಬ್ಬರೂ ಬಿಸಿ ಚಹಾ ಕುಡೀತಿದ್ವಿ!"