ಐದನೇ ಪಟ್ಟಿ

ಮಗುವಿನ ತಲೆ ಆ ಸಂದಿಯಲ್ಲಿ ತೂರುತ್ತದೋ ಇಲ್ಲವೋ ಎಂಬ ಒಂದೇ ಯೋಚನೆ ಗುರುವಾರದಿಂದ ಅವಳನ್ನು ಕೊರೆಯುತ್ತಿತ್ತು. ಮೂರನೇ ಮಹಡಿಯ ಬಾಲ್ಕನಿ. ತಡೆಗೆ ಅಂತ ಅಡ್ಡಡ್ಡ ನಾಲ್ಕು ಕಾಂಕ್ರೀಟ್ ಪಟ್ಟಿ. ಒಂದೊಂದು ಪಟ್ಟಿಯ ನಡುವೆ ಬೆಕ್ಕು ಮಲಗಿ ಮೈಮುರಿಯುವಷ್ಟು ಜಾಗ. ಅವಳು ಹಟ ಹಿಡಿದು ಹಾಕಿಸಿದ್ದ ತಂತಿ ಜಾಲರಿಯನ್ನು ಗುರುವಾರ ಬಿಚ್ಚಿದವರು ಬೇರೆ ಯಾರೂ ಅಲ್ಲ, ಅವಳ ಮಾವ.

ಕಾರಣ, ಭಾನುವಾರದ ಸಮಾರಂಭ. ಐವತ್ತು ವರ್ಷ ಹಿಂದಿನ ಈ ಬೋಳು ಕಾಂಕ್ರೀಟ್ ಕಟ್ಟಡಗಳು ಅಪರೂಪದವಂತೆ, ಕೆಡವದೆ ಉಳಿಸಬೇಕಂತೆ. ಅದಕ್ಕೆಂದೇ ಒಂದು ಸಂಘದವರು ವಾರವಿಡೀ ಜನರನ್ನು ಕರೆತಂದು ತೋರಿಸುತ್ತಿದ್ದರು. ಸಂಘದ ಕನ್ನಡಕದ ಹುಡುಗಿ ಬಂದಾಗಲೆಲ್ಲ, ಕೊಳ್ಳಲು ಬಂದವರು ಹಸುವಿನ ಬೆನ್ನು ತಡವಿದಂತೆ ಗೋಡೆ ತಡವುತ್ತಿದ್ದಳು. ಮೂಲ ನಕ್ಷೆಯಲ್ಲಿ ಇಲ್ಲದ್ದನ್ನು ಮುಂದೆಯೂ ಹಾಕಿಸುವುದಿಲ್ಲ ಎಂಬ ಕಾಗದಕ್ಕೆ ಮಾವನ ಸಹಿಯನ್ನೂ ಹಾಕಿಸಿಕೊಂಡಿದ್ದಳು.

"ಇವತ್ತು ಜಾಲರಿ ಹೊರಗೆ, ನಾಳೆ ನಾವು ಹೊರಗೆ" ಎಂದಳು ಸೊಸೆ.

"ನಿನಗೆ ಹಗ್ಗ ಕಂಡ್ರೂ ಹಾವೇ" ಎಂದ ಗಂಡ.

"ಕಚ್ಚಿಸ್ಕೊಂಡು ಆಮೇಲೆ ಹಗ್ಗ ಅನ್ನಿ."

ಮಾವ ಸೆಂಟ್ರಿಂಗ್ ಬಡಗಿ. ಕಾಂಕ್ರೀಟ್ ಸುರಿಯುವ ಮುಂಚೆ ಹಲಗೆಯಿಂದ ಅಚ್ಚು ಕಟ್ಟುವುದು, ಗಟ್ಟಿಯಾದ ಮೇಲೆ ಬಿಚ್ಚುವುದು. ಜೀವಮಾನವೆಲ್ಲ ಕಟ್ಟಿದ್ದನ್ನು ತಾವೇ ಬಿಚ್ಚಿದವರು. "ನನ್ನ ಕೆಲಸ ಕಣ್ಣಿಗೆ ಬಿತ್ತು ಅಂದ್ರೆ ಏನೋ ಕೆಟ್ಟಿದೆ ಅಂತಲೇ" ಎಂದು ನಗುತ್ತಿದ್ದರು. ಕಿರುಬೆರಳಿನ ತುದಿಯನ್ನು ಗರಗಸ ತಿಂದಿತ್ತು. ಗೇಣು ಹಾಕಿ ಅಳೆಯುವಾಗಲೆಲ್ಲ ಅದರ ಲೆಕ್ಕಕ್ಕೆ ಅರ್ಧ ಬೆರಳು ಸೇರಿಸಿಕೊಳ್ಳುತ್ತಿದ್ದರು. ಈ ಕಟ್ಟಡಕ್ಕೆ ಅಚ್ಚು ಕಟ್ಟಿದವರೂ ಅವರೇ, ಮುಂದೆ ಮನೆ ಹಂಚಲು ಚೀಟಿ ಎತ್ತಿದಾಗ ಇದರಲ್ಲೇ ಒಂದು ಅವರಿಗೂ ಸಿಕ್ಕಿತು. ಭಾನುವಾರ ಅವರಿಗೆ ವೇದಿಕೆಯ ಮೇಲೆ ಸನ್ಮಾನ. ಹುಟ್ಟಿದಾರಭ್ಯ ಇದೇ ಮೊದಲು.

ಶನಿವಾರ ಬೆಳಗ್ಗೆ ಹುಡುಗಿ ಮತ್ತೆ ಬಂದಳು.

"ಅಜ್ಜ, ನಿಮ್ಮ ಹತ್ರ ಹಳೇ ನಕ್ಷೆ ಏನಾದ್ರೂ ಇದೆಯಾ? ನಮ್ಮ ಕಡತದಲ್ಲಿ ಬಾಲ್ಕನಿ ಹಾಳೆ ಒಂದಿಲ್ಲ."

"ಎಲ್ಲಿಂದ ಬರಬೇಕಮ್ಮ? ಗೆದ್ದಲು ತಿಂತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವ ಯಾರೂ ಕೇಳದೆಯೇ ಗೆದ್ದಲಿನ ಕಥೆಯನ್ನು ಇನ್ನೆರಡು ಸಲ ಹೇಳಿದರು. ಬೀರುವಿನ ಹಿಂದೆ ನೀಲಿ ಕಾಗದದ ಸುರುಳಿಯೊಂದು ಇರುವುದು, ದಿನಾ ಕಸ ಗುಡಿಸುವ ಸೊಸೆಗೆ ಗೊತ್ತಿಲ್ಲವೇ?

ಹುಡುಗಿ ಮೆಟ್ಟಿಲಿಳಿದದ್ದೇ ತಡ, ಸುರುಳಿ ಎಳೆದು ಬಿಚ್ಚಿದಳು. ಬಾಲ್ಕನಿಯ ಚಿತ್ರವೇ. ಪಟ್ಟಿ ಎಣಿಸಿದಳು: ಐದು. ಹೊರಗೆ ಬಂದು ಎಣಿಸಿದಳು: ನಾಲ್ಕು.

ಮಾವ ಅಲ್ಲೇ ಕೂತಿದ್ದರು. ಜಾಲರಿ ಬಿಚ್ಚಿದಾಗಿನಿಂದ ಅಲ್ಲೇ, ಸಂದಿಗೆ ಬೆನ್ನು ಕೊಟ್ಟು. ಊಟವೂ ಅಲ್ಲೇ. ಬಂದವರ ಫೋಟೋಗೆ ಬೀಳಲೆಂದು ಕೂತಿದ್ದಾರೆ ಅಂದುಕೊಂಡು ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಈಗ ನೋಡಿದರೆ ಅವರ ಕಣ್ಣು ಮಗುವಿನ ಮೇಲಿತ್ತು.

"ಮಾವ, ಐದನೇದು ಎಲ್ಲಿ?"

ಅವರು ಸುರುಳಿ ನೋಡಿದರು. "ನಾನೇ ನುಂಗಿದೆ" ಎಂದರು. "ಒಂದು ಪಟ್ಟಿಯ ನಡುವಿಂದ ಇನ್ನೊಂದರ ನಡುವಿಗೆ ಅಂತ ಅಳತೆ ಕೊಟ್ಟಿದ್ರು. ನಾನು ಅಂಚಿಂದ ಅಂಚಿಗೆ ಹಿಡಿದೆ. ಸಂದಿ ಅಗಲ ಆಗಿ ಒಂದು ಪಟ್ಟಿಗೆ ಜಾಗಾನೇ ಉಳೀಲಿಲ್ಲ. ದೊಡ್ಡ ಸಾಹೇಬ್ರು ಬಂದವರು ದೂರ ನಿಂತು 'ಬೆಳಕು ಚೆನ್ನಾಗಿ ಬರ್ತಿದೆ' ಅಂದ್ರು. ಮೇಸ್ತ್ರಿ ನನ್ನ ಕಾಲು ತುಳಿದ. ಬಾಯಿ ಮುಚ್ಕೊಂಡೆ."

"ಆ ಹುಡುಗಿ ಕೆಳಗೆ ಬೋರ್ಡಲ್ಲಿ 'ಆಕಾಶಕ್ಕೆ ತೆರೆದ ಬಾಲ್ಕನಿ' ಅಂತ ಬರೆಸಿದ್ದಾಳಲ್ಲ!"

"ಬರೆಸ್ಲಿ. ನಿನ್ನ ಗಂಡ ನಡೆಯೋಕೆ ಕಲಿತಾಗ ಸೊಂಟಕ್ಕೆ ಸೀರೆ ಸುತ್ತಿ ಬಾಗಿಲಿಗೆ ಕಟ್ಟಿದ್ದೆ. ಬೇರೆ ಮನೆಗಳಲ್ಲೂ ಮಕ್ಕಳಿದ್ವು. ಅವರಿಗೆ ಏನೂ ಹೇಳಲಿಲ್ಲ ನಾನು."

ಅವಳು ಹಾಳೆಯನ್ನು ಎದೆಗವಚಿಕೊಂಡಳು. ಇದನ್ನು ತೋರಿಸಿದರೆ ಸಂದಿ ಮುಚ್ಚುವುದನ್ನು ಸಂಘದವರು ಬೇಡ ಎನ್ನುವಂತಿಲ್ಲ, ಮೂಲ ನಕ್ಷೆಯೇ ಹಾಗಿದೆ. ಆದರೆ ಸನ್ಮಾನ?

"ಸೋಮವಾರ ಹೇಳಮ್ಮ. ಒಂದೇ ದಿನ."

ಸೋಮವಾರದೊಳಗೆ ಈ ಹಾಳೆಗೆ ನಿಜವಾಗಿಯೂ ಗೆದ್ದಲು ಹತ್ತಿಬಿಟ್ಟರೆ? ಯೋಚನೆ ಬಂದದ್ದಕ್ಕೆ ನಾಚಿಕೆಯಾಯಿತು. ಆದರೂ ಅದು ಹೋಗಲಿಲ್ಲ.

"ನಾಳೆ ನೋಡೋಕೆ ಬರೋರು ಮಕ್ಕಳನ್ನೂ ಕರ್ಕೊಂಡು ಬರ್ತಾರೆ, ಮಾವ. ಬಾಲ್ಕನಿ ಹದಿನಾರು. ನಿಮ್ಮ ಬೆನ್ನು ಒಂದು, ಅದೂ ವೇದಿಕೆ ಮೇಲಿರುತ್ತೆ."

ಅವರು ಹಿಂದಕ್ಕೆ ತಿರುಗಿ ಸಂದಿಗೆ ಗೇಣು ಹಾಕಿ ನೋಡಿದರು. ಮಗು ಅವರ ಬನಿಯನ್ ಜಗ್ಗುತ್ತಿತ್ತು.

"ಹೇಳು" ಎಂದರು ಕೊನೆಗೆ. "ಮೇಸ್ತ್ರಿ ಮೇಲೆ ಮಾತ್ರ ಹಾಕ್ಬೇಡ. ಅವನು ಸತ್ತು ಎಷ್ಟೋ ಕಾಲ ಆಯ್ತು. ಅಳತೆ ಹಿಡಿದವನು ನಾನು."

ಅವಳು ಫೋನ್ ತೆಗೆದುಕೊಂಡು ಸಂಘದ ಹುಡುಗಿಯ ನಂಬರ್ ಒತ್ತಿದಳು.

"ಹಲೋ! ಅಜ್ಜ ಭಾಷಣ ರೆಡಿ ಮಾಡ್ಕೊಂಡ್ರಾ?"

"ಮಾಡ್ಕೊಂಡಿದ್ದಾರೆ" ಎಂದಳು. "ಬಾಲ್ಕನಿ ಹಾಳೆ ನಮ್ಮ ಮನೇಲೇ ಇದೆ. ಸ್ವಲ್ಪ ಕೂತ್ಕೊಂಡು ಕೇಳಿ. ಇದರಲ್ಲಿ ಪಟ್ಟಿ ಐದಿದೆ."