ಆರೋಪಿಗೆ ದೀಪಾವಳಿಯ ಕರೆ

ಕೋರ್ಟಿನ ಓಡಾಟ ದೀಪಾವಳಿಗೆ ಮುಂಚಿನ ನನ್ನ ಒಂದಿಡೀ ದಿನದ ವ್ಯಾಪಾರ ತಿಂದಿತು. ಕೋರ್ಟಿಗೆ ಒಬ್ಬನೇ ಹೋಗಲು ಗೆಳೆಯ ಬಸಣ್ಣನಿಗೆ ಧೈರ್ಯವಿರಲಿಲ್ಲ. ಹಾಗಾಗಿ ಕೂಕಟ್‌ಪಲ್ಲಿಯ ನನ್ನ ಪಾತ್ರೆ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೋದೆ. ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ಅವನ ಮಗಳು, ಅಲ್ಲಿನ ತೆಲುಗು ಹುಡುಗನೊಬ್ಬನನ್ನು ಮನೆಯಲ್ಲಿ ಹೇಳದೇ ಮದುವೆಯಾಗಿದ್ದಳು. ಸಿಟ್ಟಿನಲ್ಲಿ ಬಸಣ್ಣ ಹುಡುಗನ ಮೇಲೆ ಅಪಹರಣದ ಕೇಸು ಹಾಕಿಸಿದ್ದ.

ತಾನೇ ಇಷ್ಟಪಟ್ಟು ಹೋದೆನೆಂದು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟು ಮಗಳು ಹೊರಬಂದಳು. ಇನ್ನು ಕೇಸು ಬಿದ್ದುಹೋಗುತ್ತದೆ ಎಂದರು ವಕೀಲರು. ಬಸಣ್ಣ ನೇರ ಅವಳತ್ತ ನಡೆದ. ಜಗಳವಾದೀತೆಂದು ನಾನು ಅವನ ತೋಳು ಹಿಡಿದೆ.

"ಮದುವಿ ಆದ ಮ್ಯಾಲಿನ ಮೊದಲನೇ ದೀಪಾವಳಿ ಐತಿ. ಆ ಕಳ್ಳನ್ನೂ ಕರಕೊಂಡು ಬಾರವ್ವ," ಎಂದ.

ಮಗಳು ಅಳುತ್ತಲೇ ನಕ್ಕಳು. "ಕಳ್ಳ ಅಲ್ಲಪ್ಪಾ, ನಿನ್ನ ಅಳಿಯ."

"ಗೊತ್ತೈತಿ. ಅವನ ಎಣ್ಣಿ ನೀರಿಗೆ ಹೊಸ ಹಂಡೇನ ತರಬೇಕಂತ ನಿಮ್ಮವ್ವ ಹಟ ಹಿಡದಾಳ."

ಆ ಹಂಡೆಯನ್ನು ನಾನು ಲಾಭ ಬಿಟ್ಟು ಅಸಲಿಗೇ ಕೊಟ್ಟೆ. ಓದುಗರೇ, ಬೆಳೆದ ಮಕ್ಕಳು ಮನೆ ಬಿಟ್ಟರೆ ಠಾಣೆಯಲ್ಲಿ 'ಕಾಣೆಯಾಗಿದ್ದಾರೆ' ಎಂದಷ್ಟೇ ಬರೆದುಕೊಡಿ. ಸಿಟ್ಟಿನಲ್ಲಿ ಯಾರ ಹೆಸರನ್ನೂ ಸೇರಿಸಬೇಡಿ. ನಾಳೆ ಅದೇ ಹೆಸರು ಹಿಡಿದು ಊಟಕ್ಕೆ ಕರೆಯಬೇಕಾದೀತು.