ಕತ್ತಿನ ಗಂಟು ಕರಗಿಸಿದ ಜೇನುಕಲ್ಲು ಸ್ವಾಮಿ

ಹೋದ ಕಾರ್ತಿಕದಲ್ಲಿ ನನ್ನ ಕತ್ತಿನ ಬಲಗಡೆ ಒಂದು ಗಂಟು ಕಾಣಿಸಿತು. ನೋವಿಲ್ಲ, ಕೆಂಪಿಲ್ಲ. ಸಂಕ್ರಾಂತಿಯ ಹೊತ್ತಿಗೆ ಪಕ್ಕದಲ್ಲೇ ಇನ್ನೆರಡು ಎದ್ದು ಮೂರೂ ಅಂಟಿಕೊಂಡವು. ಸಂಜೆಯಾದರೆ ಸಣ್ಣ ಜ್ವರ, ಬೆವರು. ರವಿಕೆಗಳೆಲ್ಲ ಸಡಿಲವಾದವು. ಬೇಲೂರಿನಲ್ಲಿ ಕೊಟ್ಟ ಮಾತ್ರೆಗೆ ಬಗ್ಗಲಿಲ್ಲ; ಹಾಸನಕ್ಕೆ ಹೋಗಿ ಎಂದರು. ಗೆಂಡೆಹಳ್ಳಿಯ ನಮ್ಮ ಮನೆಯಲ್ಲಿ ಎಲ್ಲರೂ ಕ್ಯಾನ್ಸರ್ ಎಂದೇ ತೀರ್ಮಾನಿಸಿಬಿಟ್ಟರು.

ಯಜಮಾನರ ಬಗ್ಗೆ ಸುಳ್ಳು ಹೇಳಬಾರದು. ಆಗ ನನ್ನನ್ನು ಹೂವಿನ ಹಾಗೆ ನೋಡಿಕೊಂಡರು. ಬಸ್ಸಿನಲ್ಲಿ ನನ್ನನ್ನು ಕೂರಿಸಿ ತಾವು ನಿಂತು ಬರುತ್ತಿದ್ದರು. "ಹೆದರ್ಬ್ಯಾಡ ಕಣೇ, ನಾನಿದೀನಿ" ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೂ ನಾನು ನಮ್ಮ ತವರಿನ ಕಡೆಯ ಬೆಟ್ಟದ ದೇವರು ಜೇನುಕಲ್ಲು ಸಿದ್ಧೇಶ್ವರನನ್ನು ಬೇಡಿದ್ದೇ ಬೇಡಿದ್ದು: ಕ್ಯಾನ್ಸರ್ ಒಂದು ಆಗದಿರಲಿ ತಂದೆ.

ಸ್ವಾಮಿ ಕೇಳಿಸಿಕೊಂಡ. ಡಾಕ್ಟರಮ್ಮ ನಗುತ್ತಾ ಹೇಳಿದರು: "ಕ್ಯಾನ್ಸರ್ ಅಲ್ಲಮ್ಮ, ಗಂಟಿನ ಟಿ.ಬಿ. ಆರು ತಿಂಗಳು ಮಾತ್ರೆ ತಪ್ಪಿಸಬೇಡಿ, ವಾಸಿಯಾಗುತ್ತೆ. ಎಕ್ಸ್‌ರೇಲಿ ಎದೆ ಚೆನ್ನಾಗಿದೆ, ಕಫದಲ್ಲೂ ಏನಿಲ್ಲ. ಇದು ಯಾರಿಗೂ ಅಂಟಲ್ಲ."

ಸಂತೋಷಕ್ಕೆ ಅತ್ತುಬಿಟ್ಟೆ. ತಿರುಗಿ ನೋಡಿದರೆ ಯಜಮಾನರು ಕುರ್ಚಿ ಹಿಂದಕ್ಕೆಳೆದು, ಮೂಗಿಗೆ ಕರ್ಚೀಫು ಹಿಡಿದು ಕೂತಿದ್ದಾರೆ!

ವಾಪಸ್ ಬರುವಾಗ ಬೇರೆ ಸೀಟು ಹುಡುಕಿಕೊಂಡರು. "ಅಂಟಲ್ಲ ಅಂದ್ರಲ್ಲ ರೀ" ಎಂದೆ.

"ಅವ್ರು ಹಂಗೇ ಅಂತಾರೆ. ಮನೇಲಿ ಅಣ್ಣನ ಮಕ್ಕಳವೆ. ವಾಸಿ ಆಗೋಗಂಟ ನಿಮ್ಮವ್ವನ ಹತ್ರ ಇರು."

ಮಾರನೆಯ ದಿನವೇ ಅರಸೀಕೆರೆ ಬಸ್ಸು ಹತ್ತಿಸಿದರು, ನನ್ನೊಬ್ಬಳನ್ನೇ. ಆಮೇಲೆ ಒಂದು ಫೋನೂ ಇಲ್ಲ. ರೋಗಕ್ಕಿಂತ ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಕಣಕಟ್ಟೆಯ ತವರಿನಲ್ಲಿ ಎಲ್ಲ ಹೇಳಿ, ಊಟಕ್ಕೆ ದೂರ ಕೂತೆ. ಅವ್ವ ಎದ್ದು ಬಂದು ನನ್ನ ತಟ್ಟೆಯಿಂದಲೇ ಮುದ್ದೆ ಮುರಿದು ಬಾಯಿಗಿಟ್ಟುಕೊಂಡಳು. "ಅಂಟೋದಾದ್ರೆ ನಂಗೇ ಅಂಟ್ಲಿ ಬುಡು" ಎಂದಳು. ಸ್ವಾಮಿಯೇ ಬಂದು ಪಕ್ಕ ಕೂತಂತಾಯಿತು.

ಮಾತ್ರೆ ಶುರುವಾದಾಗ ಗಂಟು ಇನ್ನೂ ಊದಿ ಹೆದರಿಸಿತು. ಡಾಕ್ಟರಮ್ಮ ಧೈರ್ಯ ಹೇಳಿದರು, ನಾನು ಮಾತ್ರೆ ನಿಲ್ಲಿಸಲಿಲ್ಲ. ಬರಬರುತ್ತಾ ಕರಗಿತು. ಚೆನ್ನಾಗಿ ಹಸಿವಾಗತೊಡಗಿತು.

ಮಾತ್ರೆ ಮುಗಿದದ್ದು ತಿಳಿದು ಯಜಮಾನರು ಹಣ್ಣು ಹಿಡಿದು ಬಂದರು. "ಗುಣ ಆಯ್ತಲ್ಲ, ನಡಿ ಮನೆಗೆ."

"ಸಾಯೋಳನ್ನ ಚೆನ್ನಾಗಿ ನೋಡ್ಕೊಂಡ್ರಿ. ಬದುಕ್ತಾಳೆ ಅಂದ ತಕ್ಷಣ ಕೈ ಬಿಟ್ರಲ್ಲ ರೀ" ಎಂದೆ. ನಾನು ಹೋಗಲಿಲ್ಲ.

ಹುಣ್ಣಿಮೆಗೆ ಅವ್ವನೂ ನಾನೂ ಬೆಟ್ಟ ಹತ್ತಿ ಕೈಮುಗಿದೆವು. ಭಕ್ತರೇ, ಸ್ವಾಮಿ ನನಗೆ ಮೋಸ ಮಾಡಲಿಲ್ಲ. ನಾನು ಬೇಡಿದ್ದನ್ನು ಪೂರ್ತಿಯಾಗಿ ಕೊಟ್ಟ. ಗಂಡ ಜೊತೆಗಿರಲಿ ಎಂದು ನಾನು ಬೇಡಿರಲಿಲ್ಲ. ಅದನ್ನೂ ಬೇಡಿಕೊಳ್ಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ.